ಮಡ್‌ಗಾರ್ಡಿನ ಒಳಮೈ

ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ರಮಾನಾಥ ಶೆಟ್ಟರು ಹಾಕಿದ ಕೂಗಿಗೆ ವಡಾಲದ ಆ ಮೂರು ಮಹಡಿಯ ಬಿಲ್ಡಿಂಗು ಇಡಿಯಾಗಿ ಗ್ಯಾಲರಿಗೆ ಬಂದು ನಿಂತಿತು. ಕೆಳಗೆ ಅಂಗಳದಲ್ಲಿ ಅವರ ಫಿಯಟ್ ಕಾರು ಒಂದು ಕಣ್ಣು ಕಳಕೊಂಡು ನಿಂತಿತ್ತು. ಎಡಗಡೆಯ ಹೆಡ್‌ಲೈಟು ಕಿತ್ತು ಬಂದು ವೈರಿಗೆ ಜೋತಾಡುತ್ತಿತ್ತು. ಅದರ ಗಾಜು ಪುಡಿಯಾಗಿತ್ತು. ಪಕ್ಕದ ಮಡ್‌ಗಾರ್ಡಿನ ತಗಡು ಅಂಗೈಯಗಲ ರೂಪಗೆಟ್ಟು ಬಣ್ಣ ಹಕ್ಕಳೆಯಾಗಿ ಎದ್ದಿತ್ತು.

"ಯಾರ ಕೆಲಸ ಇದು? ಧೈರ್ಯ ಇದ್ರೆ ಎದುರು ಬನ್ನಿ ಮಾರಾಯ್ರೆ!" ಎಂದು ಶೆಟ್ಟರು ಮೂರೂ ಮಹಡಿಗೆ ಕೇಳುವಂತೆ ಕೂಗಿದರು.

ಶೆಟ್ಟರ ಸಂಕಟ ಸುಳ್ಳಲ್ಲ. ಹದಿಮೂರನೆಯ ವಯಸ್ಸಿಗೆ ಉಡುಪಿಯಿಂದ ಬಂದು, ಲೋಟ ತೊಳೆದು, ಕೊನೆಗೆ ದಾದರಿನಲ್ಲಿ ಸ್ವಂತ ಹೋಟೆಲಿಟ್ಟ ಮನುಷ್ಯ. ಆ ಕಾರು ಕೊಂಡು ಇನ್ನೂ ಆರು ವಾರವಷ್ಟೇ ಆಗಿತ್ತು. ದಾದರಿನ ಡಾಕ್ಟರೊಬ್ಬರದು, ಮನೆಯಿಂದ ದವಾಖಾನೆಗೆ ಬಿಟ್ಟರೆ ಎಲ್ಲಿಗೂ ಒಯ್ದಿದ್ದಿಲ್ಲ, ಒಂದೇ ಕೈಯ ಗಾಡಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿ ಮುಗಿಸಿದ್ದರು. ನೀಲಿ ಬಣ್ಣ ಮನಸ್ಸಿಗೆ ಬಾರದೆ ಜೋಗೇಶ್ವರಿಯ ಗ್ಯಾರೇಜಿನಲ್ಲಿ ಕೆನೆಬಣ್ಣ ಹೊಡೆಸಿದ್ದರು. ಸಡಿಲವಾಗಿದ್ದ ಒಂದು ಹೆಡ್‌ಲೈಟನ್ನು ಹೊಸದು ಸಿಗುವ ತನಕ ಇರಲಿ ಎಂದು ಅಲ್ಲೇ ತಾತ್ಕಾಲಿಕವಾಗಿ ಬಿಗಿಸಿಕೊಂಡು ಬಂದಿದ್ದರು. ದಿನವೂ ಎರಡು ಗಂಟೆಗೆ ಹೋಟೆಲಿನಿಂದ ಬಂದು, ಕಾರನ್ನು ಬೇವಿನ ಮರದಡಿ ನಿಲ್ಲಿಸಿ, ಸರಿಯಾಗಿ ಕೂರದ ಬಾಗಿಲನ್ನು ಎರಡೆರಡು ಸಲ ಹಾಕಿ, ನಾಲ್ಕರ ತನಕ ನಿದ್ದೆ ಮಾಡುವುದು ಅವರ ಕ್ರಮ. ಕೆಡುಕು ನಡೆದದ್ದು ಆ ಎರಡು ಗಂಟೆಯ ನಡುವೆ.

ಎರಡನೆಯ ಮಹಡಿಯ ಗ್ಯಾಲರಿಯಲ್ಲಿ ಸೀನ ಕೆನ್ನೆಗೆ ಕೈಯಿಟ್ಟು ನಿಂತಿದ್ದ. ಬಂದರಿನ ಗೋದಾಮಿನಲ್ಲಿ ಕಾರಕೂನನಾಗಿದ್ದ ಅವನು ಹಲ್ಲು ಕೀಳಿಸಿಕೊಂಡು ರಜೆಯ ಮೇಲೆ ಮನೆಯಲ್ಲಿದ್ದ. ನೋವಿನಲ್ಲಿದ್ದವನಿಗೆ ಮಾತಿನ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಶೆಟ್ಟರು ತಲೆಯೆತ್ತಿ ನೋಡಿದ್ದೇ ತಡ, "ಮೂರೂವರೆಗೆ ನಾನು ನೋಡುವಾಗ ಸಾಯಬಣ್ಣ ಅಲ್ಲಿ ಕೂತು ಗಾಜು ಆರಿಸ್ತಾ ಇದ್ದ" ಎಂದುಬಿಟ್ಟ.

ಸಾಯಬಣ್ಣ ಬಿಲ್ಡಿಂಗಿನ ವಾಚ್‌ಮನ್, ಗುಲಬರ್ಗಾ ಕಡೆಯವ. ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಅವನೂ ಹೆಂಡತಿ ಸುಂದ್ರವ್ವನೂ ಇದ್ದರು. ಹಿಂದಿನ ದಿನವಷ್ಟೇ ಕಾರನ್ನು ಕೊಳಕು ನೀರಿನಲ್ಲಿ ತೊಳೆದನೆಂದು ಶೆಟ್ಟರು ನಾಲ್ಕು ಜನರೆದುರು ಅವನನ್ನು ಬೈದಿದ್ದರು. ಈಗ ಅವನ ಹೆಬ್ಬೆರಳಿಗೆ ಗಾಜು ತಗುಲಿ ರಕ್ತ ಬಂದಿತ್ತು. ಇನ್ನೇನು ಬೇಕು?

"ನಾ ಒಡದಿಲ್ರಿ ಸಾಹೇಬ್ರ" ಎಂದ ಸಾಯಬಣ್ಣ.

"ಹಾಗಾದ್ರೆ ಯಾರು ಒಡೆದದ್ದು? ನೀನು ಗೇಟಲ್ಲಿ ಇದ್ದಿ ಅಲ್ವಾ?"

"ಇದ್ನಿರಿ. ಯಾರಂತ ಮಾತ್ರ ಹೇಳಲ್ರಿ."

"ಕಂಡ್ರಾ ಇವನ ಧಿಮಾಕು! ಭಾನುವಾರ ಕಮಿಟಿ ಸೇರ್ತದೆ. ಇವನ ಖೋಲಿ ಖಾಲಿ ಮಾಡಿಸದಿದ್ರೆ ನಾನು ರಮಾನಾಥನೇ ಅಲ್ಲ."

ಖೋಲಿಯ ಬಾಗಿಲಲ್ಲಿ ನಿಂತಿದ್ದ ಸುಂದ್ರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವಳಿಗೆ ಒಂಬತ್ತು ತುಂಬಿತ್ತು. ಇವತ್ತೋ ನಾಳೆಯೋ ಎನ್ನುವ ಬಸುರಿ ಗಂಟುಮೂಟೆ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು ಎಂದು ಸೀನನಿಗೆ ಅನಿಸಿದ್ದು ಆಗ. ಆಡಿದ ಮಾತು ಆಗಲೇ ಮೂರು ಮಹಡಿ ಸುತ್ತಿ ಬಂದಿತ್ತು.

ಅವನು ಪೆಚ್ಚಾಗಿ ಒಳಗೆ ಬಂದರೆ ಗುರಲಿಂಗಪ್ಪನವರು ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಬಾಗಲಕೋಟೆ ಕಡೆಯ ಅವರು ಪರೇಲಿನ ಮಿಲ್ಲೊಂದರಲ್ಲಿ ಮೂವತ್ತೊಂದು ವರ್ಷ ಬಟ್ಟೆಯ ದೋಷ ಹುಡುಕುವ ಕೆಲಸ ಮಾಡಿ ನಿವೃತ್ತರಾದವರು. ಬಟ್ಟೆಯ ತಾನಿನ ಮೇಲ್ಮೈಯನ್ನು ಕಣ್ಣಿನಿಂದ ನೋಡುತ್ತ, ಅದೇ ಹೊತ್ತಿಗೆ ಒಳಮೈಯನ್ನು ಬೆರಳಿನಿಂದ ಸವರುತ್ತ ಹೋಗುವುದು ಅವರ ಪದ್ಧತಿ. ಎಳೆ ತಪ್ಪಿದ್ದು ಬೆರಳಿಗೆ ಮೊದಲು ತಿಳಿಯುತ್ತದೆ ಎನ್ನುತ್ತಿದ್ದರು. ಬಿಲ್ಡಿಂಗಿನಲ್ಲಿ ಹಂಡೆ ಕಳೆದರೂ ಹೆಸರಿಲ್ಲದ ಕಾಗದ ಬಂದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಏಳು ವರ್ಷದಿಂದ ಅವರ ಜೊತೆ ಖೋಲಿ ಹಂಚಿಕೊಂಡಿದ್ದ ಸೀನನಿಗೆ ಅವರ ಮೇಲೆ ದೇವರಷ್ಟು ನಂಬಿಕೆ. ಅವರ ಗೊರಕೆಯ ಮೇಲಷ್ಟೇ ತಕರಾರು.

"ಸೀನಾ, ಅಂವಾ ಗಾಜು ಆರಿಸೂದು ನೀ ಕಂಡಿ. ಒಡಿಯೂದು ಕಂಡೇನು?" ಎಂದು ಮಲಗಿದಲ್ಲಿಂದಲೇ ಕೇಳಿದರು.

"ಇಲ್ಲ."

"ಮತ್ತ ಅಷ್ಟ ಹೇಳಬೇಕಿತ್ತು. ನಡಿ, ಕೆಳಗ ಹೋಗೂಣು."

ಅಂಗಳದಲ್ಲಿ ಅವರು ಮುರಿದ ದೀಪವನ್ನು ಒಂದು ಸಲ ನೋಡಿದರು. ಎದ್ದ ಬಣ್ಣದ ಹಕ್ಕಳೆಯೊಂದನ್ನು ಉಗುರಿನಿಂದ ಎಬ್ಬಿಸಿ, ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡರು. ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಕ್ರದ ಮೇಲಿನಿಂದ ತೋಳು ತೂರಿಸಿ, ಮಡ್‌ಗಾರ್ಡಿನ ಒಳಮೈಯನ್ನು ನಿಧಾನವಾಗಿ ಸವರಿದರು. ಚಕ್ರದ ಬುಡದಲ್ಲಿ ಒಣಮಣ್ಣಿನ ಹೆಂಟೆಗಳು ಉದುರಿದ್ದವು. ಅವುಗಳಲ್ಲಿ ಗೋಣಿಚೀಲದ ನಾರು ಅಂಟಿತ್ತು. ಅವರು ಎದ್ದು ಬೆವರು ಒರೆಸಿಕೊಂಡರು, ಮರುಕ್ಷಣ "ಅಯ್ಯಯ್ಯೋ, ಕಣ್ಣು!" ಎಂದು ನಲ್ಲಿಯ ಕಡೆ ಓಡಿದರು. ಎಡಗಣ್ಣು ಕೆಂಪಗಾಗಿ ರಾತ್ರಿಯವರೆಗೂ ನೀರು ಸುರಿಯುತ್ತಿತ್ತು. ಎಣ್ಣೆಯೋ ಗ್ರೀಸೋ ತಗುಲಿರಬೇಕು ಎಂದುಕೊಂಡ ಸೀನ.

ಸಂಜೆ ರೊಟ್ಟಿ ತರಲು ಅವನು ಹಾಲವ್ವನ ಖೋಲಿಗೆ ಹೋದ. ನೆಲಮಹಡಿಯ ಆ ಮುದುಕಿ ಊರ ಕಡೆಯ ಕೂಲಿಯವರಿಗೆಲ್ಲ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಬಿಲ್ಡಿಂಗಿನ ಬಡ ಬಸುರಿಯರ ಹೆರಿಗೆಗೂ ಅವಳೇ. ಕಿವಿ ಮಂದ. ಅವಳ ಒಬ್ಬನೇ ಮಗ ಶಿವಪುತ್ರಪ್ಪ ಟ್ಯಾಕ್ಸಿ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ, ಎಪ್ಪತ್ತೊಂದರ ಯುದ್ಧದ ಬ್ಲ್ಯಾಕ್‌ಔಟಿನಲ್ಲಿ, ಹೆಡ್‌ಲೈಟಿಗೆ ಕರಿ ಬಳಿದುಕೊಂಡು ಓಡಿಸುವಾಗ ಲಾರಿಗೆ ಸಿಕ್ಕಿ ಸತ್ತ. ದವಾಖಾನೆಗೆ ಹೋಗಿ ಹೆಣ ಗುರುತಿಸಿದವರು ಗುರಲಿಂಗಪ್ಪನವರೇ. ಗಾಡಿಗೆ ಏನೂ ಆಗಿಲ್ಲ, ತಲೆಗೆ ಸಣ್ಣ ಪೆಟ್ಟು ಅಷ್ಟೇ, ಹುಡುಗ ನಿದ್ದೆ ಹೋದ ಹಾಗೆ ಹೋದ ಎಂದು ತಾಯಿಗೆ ಬಂದು ಹೇಳಿದವರೂ ಅವರೇ.

ಹಾಲವ್ವ ರೊಟ್ಟಿ, ಪಲ್ಯ ಕಟ್ಟಿಕೊಟ್ಟಳು. "ಹಲ್ಲು ಹೆಂಗದೋ ತಮ್ಮಾ?" ಎಂದು ಕೇಳಿದಳು. ಎರಡು ವರ್ಷದಿಂದ ಅವಳಾಗಿ ಯಾರನ್ನೂ ಏನೂ ಕೇಳಿದ್ದಿಲ್ಲ.

"ಖಾರ ಎಲ್ಲೈತೋ?" ಎಂದು ಗುರಲಿಂಗಪ್ಪನವರು ಊಟಕ್ಕೆ ಕೂತು ಕೇಳಿದರು. ಹಾಲವ್ವ ದಿನವೂ ಕೆಂಪು ಮೆಣಸಿನಕಾಯಿ ಕುಟ್ಟಿ ಮಾಡುವ ಹಸಿ ಖಾರವಿಲ್ಲದೆ ಅವರಿಗೆ ತುತ್ತು ಇಳಿಯದು.

"ಇವತ್ತು ಕುಟ್ಟಲಿಲ್ವಂತೆ. ನನ್ನ ಹಲ್ಲಿಗೆ ಒಳ್ಳೆಯದೇ ಆಯ್ತು" ಎಂದು ಸೀನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದ.

ಗುರಲಿಂಗಪ್ಪನವರು ಒಣರೊಟ್ಟಿಯನ್ನು ಬಹಳ ಹೊತ್ತು ಅಗಿದರು.

ಶುಕ್ರವಾರ ಅವರು ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು. ಗುರುವಾರ ಎರಡರಿಂದ ನಾಲ್ಕರ ನಡುವೆ ಏನಾದರೂ ಸದ್ದು ಕೇಳಿತೇ? ಯಾರಿಗೂ ಏನೂ ಕೇಳಿರಲಿಲ್ಲ. ಮೊದಲ ಮಹಡಿಯ ಅಕ್ಕು ಮಾತ್ರ, "ಸದ್ದು ಎಂತದು? ಹಾಲವ್ವ ಖಾರ ಕುಟ್ಟಿದ್ದು ಕೇಳ್ತು, ದಿನಾ ಕೇಳುವುದೇ ಅಲ್ವಾ?" ಎಂದಳು. ಹೌದು, ಆ ಕುಟ್ಟುವ ಸದ್ದಿಗೆ ತನ್ನ ಹಲ್ಲೂ ಧಿಂ ಧಿಂ ಎನ್ನುತ್ತಿತ್ತು ಎಂದು ಸೀನ ನಕ್ಕ. ಗುರಲಿಂಗಪ್ಪನವರು ನಗಲಿಲ್ಲ.

ಶನಿವಾರ ಸಂಜೆ ಅವರು ಒಬ್ಬರೇ ಹಾಲವ್ವನ ಖೋಲಿಗೆ ಹೋದರು. ಅವಳು ಜ್ವರ ಬಂದು ಹಿಂದಿನ ದಿನದಿಂದ ಹೊರಗೆ ಬಂದಿರಲಿಲ್ಲ. ಒಂದು ಗಂಟೆ ಕಳೆದು ಮೇಲೆ ಬಂದವರು ಊಟ ಬೇಡವೆಂದರು. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ರಾತ್ರಿ ಗೊರಕೆ ಕೇಳಿಸಲಿಲ್ಲ, ಅದಕ್ಕೆ ಸೀನನಿಗೂ ನಿದ್ದೆ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಕಮಿಟಿಯವರು ಅಂಗಳದಲ್ಲಿ ಸ್ಟೂಲು ಹಾಕಿ ಕೂತರು. ಉಳಿದವರು ಸುತ್ತ ನಿಂತರು. ಸಾಯಬಣ್ಣ ಕೈಕಟ್ಟಿ ತಲೆ ತಗ್ಗಿಸಿದ್ದ. ಅವನ ಖೋಲಿಯ ಬಾಗಿಲಲ್ಲಿ ಆಗಲೇ ಒಂದು ಟ್ರಂಕು ಬಂದು ಕೂತಿತ್ತು.

"ಜಾಸ್ತಿ ಮಾತೇ ಬೇಡ. ಸೀನ ಕಣ್ಣಾರೆ ಕಂಡಿದ್ದಾನೆ" ಎಂದರು ಶೆಟ್ಟರು.

"ನಾನು ಆರಿಸುವುದು ಕಂಡದ್ದು ಮಾತ್ರ. ಒಡೆಯುವುದು ಕಾಣಲಿಲ್ಲ. ಅವತ್ತೇ ಹಾಗೆ ಹೇಳಬೇಕಿತ್ತು, ನನ್ನದು ತಪ್ಪಾಯಿತು" ಎಂದ ಸೀನ.

ಗುರಲಿಂಗಪ್ಪನವರು ಕಾರಿನ ಪಕ್ಕ ಹೋಗಿ ನಿಂತರು.

"ಶೆಟ್ಟರ, ಇಲ್ಲಿ ಬರ್ರಿ. ಈ ತಗಡಿನ ಮ್ಯಾಲ ಕೈ ಇಡ್ರಿ. ಒಳಗ ಕುಸದೈತೋ, ಹೊರಗ ಉಬ್ಬೈತೋ?"

ಶೆಟ್ಟರು ಸವರಿ ನೋಡಿದರು. "ಉಬ್ಬಿದೆ" ಎಂದು ಹುಬ್ಬುಗಂಟಿಕ್ಕಿದರು.

"ಸಿಟ್ಟಿನ ಮನಷ್ಯಾ ಕಲ್ಲು ಎತ್ತಿದ್ರ ಮ್ಯಾಲಿಂದ ಹಾಕ್ತಾನ, ತಗಡು ಒಳಗ ಕುಸೀತೈತಿ. ಇದು ಒಳಗಿಂದ ಬಿದ್ದ ಪೆಟ್ಟು. ಯಾರೋ ಗೋಣಿಚೀಲ ಹಾಸಿ, ನೆಲಕ್ಕ ಮಲಗಿ, ಚಕ್ರದ ಮ್ಯಾಲಿಂದ ಕೈ ತೂರಿಸಿ ಕುಟ್ಯಾರ. ದೀಪ ಹಿಂದಿಂದ ಸಡ್ಲಾಗಿ ಮುಂದ ಬಿದ್ದು ಒಡದೈತಿ. ಗಾಡಿ ಕೆಡಿಸಾಕ ಬಂದಾವ ಇಷ್ಟು ತ್ರಾಸು ತಗೋತಾನೇನ್ರಿ? ಒಳಗಿದ್ದದ್ದು ಏನೋ ಬೇಕಾಗಿತ್ತು ಅವರಿಗೆ."

"ಮಡ್‌ಗಾರ್ಡಿನ ಒಳಗೆ ಎಂತ ಉಂಟು, ಮಣ್ಣು?"

"ಅದಕ್ಕ ಬರ್ತೀನಿ. ಅಲ್ಲಿ ಕೈಯಾಡಿಸಿ ನಾ ಬೆವರು ಒರಸ್ಕೊಂಡೆ, ಕಣ್ಣು ಉರದು ಹೋತು. ಎಣ್ಣಿ ಹಂಗ ಉರಿಯೂದಿಲ್ಲ. ಅದು ಮೆಣಸಿನಕಾಯಿ ಖಾರ. ಮಡ್‌ಗಾರ್ಡಿನ್ಯಾಗ ಖಾರ ಯಾಕ ಬಂತು? ಕುಟ್ಟಿದ್ದು ಖಾರ ಕುಟ್ಟು ಗುಂಡಕಲ್ಲಿಲೆ. ಅವತ್ತ ಮಧ್ಯಾಹ್ನ ಕುಟ್ಟು ಸದ್ದು ಅಕ್ಕು ಕೇಳ್ಯಾಳ, ಸೀನ ಕೇಳ್ಯಾನ. ದಿನಾ ಕೇಳು ಸದ್ದಂತ ಯಾರೂ ಹೊರಗ ಬರಲಿಲ್ಲ. ಆದ್ರ ಅವತ್ತ ಸಂಜಿ ರೊಟ್ಟಿ ಜೋಡಿ ಖಾರ ಬರಲಿಲ್ಲ. ಖಾರ ಕುಟ್ಟದ ದಿನ ಕುಟ್ಟು ಸದ್ದು ಹೆಂಗ ಬಂತು?"

ಎಲ್ಲರ ಕಣ್ಣೂ ನೆಲಮಹಡಿಯ ಒಂದೇ ಬಾಗಿಲಿಗೆ ಹೋಯಿತು. ಇಷ್ಟು ಚೆನ್ನಾಗಿ ಬಿಡಿಸಿದ ಗಂಟು ಇದೊಂದು ಸಲ ಬಿಡದೆ ಉಳಿದಿದ್ದರೆ ಎಂದುಕೊಂಡ ಸೀನ.

"ನಿಮ್ಮ ಕಾಲಿಗೆ ಬೀಳ್ತೀನ್ರಿ, ಸಾಕು ಮಾಡ್ರಿ!" ಎಂದು ಸಾಯಬಣ್ಣ ಮುಂದೆ ಬಂದ. "ನಾನೇ ಒಡದೀನ್ರಿ. ಖೋಲಿ ಬಿಡ್ತೀನಿ."

"ನಿನ್ನ ಹೆಂಡತಿ ಬಾಣಂತನ ಮಾಡಾಕಿ ಆಕಿ, ನಿನಗ ಅವ್ವ ಇದ್ದಂಗ. ಅದಕ್ಕ ಬಾಯಿ ಮುಚ್ಚಿದಿ. ಗಾಜು ಆರಿಸಿದ್ದೂ ಆಕಿ ಕಾಲಿಗೆ ಚುಚ್ಚಬಾರದಂತ. ನಿನ್ನ ನಿಯತ್ತಿನ ಮ್ಯಾಲ ನನಗ ಗೌರವ ಐತಿ, ಸಾಯಬಣ್ಣ. ಆದ್ರ ಒಂಬತ್ತು ತುಂಬಿದ ಹುಡುಗಿ ರಸ್ತಾದ ಮ್ಯಾಲ ನಿಂತ್ರ ಅದನ್ನ ಮೊದಲು ಸಹಿಸದಾಕಿ ಹಾಲವ್ವನ."

ಅಷ್ಟರಲ್ಲಿ ಹಾಲವ್ವ ಸುಂದ್ರವ್ವನ ಹೆಗಲು ಹಿಡಿದು ಹೊರಗೆ ಬಂದಳು. ಜ್ವರಕ್ಕೆ ಮುಖ ಬತ್ತಿತ್ತು. ಸೇರಿದ ಜನರನ್ನೂ, ಬಾಗಿಲ ಟ್ರಂಕನ್ನೂ ನೋಡಿದಳು.

"ಏನಿದು, ಸಾಯಬಣ್ಣ? ಸಾಹೇಬ್ರಿಗಿ ಹೇಳೀನಿ, ನಕ್ಕು ಬಿಟ್ರು ಅಂದಿ?"

ಸಾಯಬಣ್ಣ ಮುಖ ಮುಚ್ಚಿಕೊಂಡ. ಹಾಲವ್ವನಿಗೆ ಎಲ್ಲ ತಿಳಿಯಿತು. ಅವಳು ನೇರ ಶೆಟ್ಟರ ಎದುರು ಬಂದು ನಿಂತಳು.

"ನನ್ನ ಕೆಲಸ್ರಿ ಅಪ್ಪ. ಇವ್ನಂದಲ್ಲ. ಇದು ನನ್ನ ಶಿವಪುತ್ರನ ಗಾಡಿ. ಬಣ್ಣ ಬ್ಯಾರೆ ಹೊಡದಾರ, ಆದ್ರ ನೀವು ಬಾಗಿಲ ಎರಡೆರಡು ಸಲ ಹಾಕೋದು ನೋಡಿ ಗುರ್ತು ಹಿಡದೆ. ಅವ್ನೂ ಹಂಗೇ ಹಾಕ್ತಿದ್ದ. ಅಂವಾ ಟ್ಯಾಕ್ಸಿ ಹಿಡದ ದಿನ ಈ ಎಡಗಡಿ ತಗಡಿನ ಒಳಗ ನಾ ತಾಯತ ಕಟ್ಟಿದ್ದೆ. ಯಾರ ಕಣ್ಣಿಗೂ ಬೀಳಬಾರದಂತ. ಹೋದವ್ರ ತಾಯತ ಬಿಚ್ಚಿ ನೀರಿಗಿ ಬಿಡಬೇಕ್ರಿ ನಮ್ಮ ಕಡಿ. ಬಿಡದಿದ್ರ ಜೀವ ಅದಕ್ಕೇ ಸುತ್ತಕೊಂಡಿರ್ತದ. ಎರಡು ವರ್ಷ ಆತು, ಆ ಗಾಡಿ ಎಲ್ಲಿ ತಿರಗತದೋ, ನನ್ನ ಮಗನೂ ಅದರ ಹಿಂದ ತಿರಗತಾನಂತ ನಾ ನಿದ್ದಿ ಮಾಡಿಲ್ಲ. ಗಾಡಿ ತಾನಾಗಿ ನನ್ನ ಬಾಗಿಲಿಗಿ ಬಂತು. ಕೇಳಿದ್ರ ಸತ್ತವ್ನ ಗಾಡಿ ಅಂತ ನೀವು ಅಂಜ್ತೀರಿ, ಅದಕ್ಕ ಕೇಳಲಿಲ್ಲ. ಕೈಲೆ ಬಿಚ್ಚಾಕ ಬರಲಿಲ್ಲ. ಕುಟ್ಟಿದೆ."

ಸೆರಗಿನ ಗಂಟು ಬಿಚ್ಚಿ ಅಂಗೈ ಚಾಚಿದಳು. ಹಸಿರುಗಟ್ಟಿದ ತಾಮ್ರದ ತಂತಿಯ ಒಂದು ಸುರುಳಿ, ಅದರ ನಡುವೆ ಕರಿಯ ಪಟ್ಟಿ ಸುತ್ತಿದ ಒಂದು ಗಂಟು.

ಸೀನ ಶೆಟ್ಟರ ಪಕ್ಕದಲ್ಲೇ ನಿಂತಿದ್ದ. ಶೆಟ್ಟರು ಬಗ್ಗಿ ನೋಡಿದರು, ಇನ್ನೊಮ್ಮೆ ನೋಡಿದರು. "ಇದು ಆ ಜೋಗೇಶ್ವರಿಯ..." ಎಂದು ಬರೀ ಉಸಿರಿನಲ್ಲಿ ಬಂದದ್ದು ಸೀನನ ಕಿವಿಗೆ ಬಿತ್ತು. ಅವರು ತಲೆಯೆತ್ತಿದಾಗ ಎದುರಿಗೆ ಗುರಲಿಂಗಪ್ಪನವರು ಅವರನ್ನೇ ನೋಡುತ್ತಿದ್ದರು. ಒಂದು ಕಣ್ಣು ಕೆಂಪಗಿದ್ದ ಆ ಮುಖದಲ್ಲಿ ಅಂಥ ಮೊರೆಯನ್ನು ಸೀನ ಮೊದಲು ಕಂಡಿರಲಿಲ್ಲ.

ಶೆಟ್ಟರು ಮುದುಕಿಯ ಬೆರಳುಗಳನ್ನು ಆ ತಂತಿಯ ಮೇಲೆ ಮಡಿಸಿದರು.

"ಹೌದು ಅವ್ವ. ಈ ಗಾಡಿ ಮೊದಲು ಟ್ಯಾಕ್ಸಿಯೇ ಆಗಿತ್ತು. ನಾನೇ ನಾಚಿಕೆಗೆ ಡಾಕ್ಟರದ್ದು ಅಂತ ಹೇಳ್ಕೊಂಡು ತಿರುಗಿದ್ದು."

ಆರು ವಾರ ಊರಿಗೆಲ್ಲ ಸಾರಿದ ಮಾತನ್ನು ಆ ಮನುಷ್ಯ ಹಾಗೆ ನೆರೆದವರೆದುರು ನುಂಗಿಕೊಂಡರು. ಯಾರೋ ಹಿಂದೆ ಕಿಸಕ್ಕೆಂದರು. ಶೆಟ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಯಬಣ್ಣನ ಹತ್ತಿರ ಹೋಗಿ, "ಆ ಟ್ರಂಕು ಒಳಗಿಡು ಮಾರಾಯ. ನನ್ನಿಂದ ತಪ್ಪಾಯ್ತು" ಎಂದು ಅವನ ಕೈ ಹಿಡಿದುಕೊಂಡರು. ಆಮೇಲೆ ಕಾರಿನ ಕೀಲಿಕೈ ತೆಗೆದರು. "ಬನ್ನಿ ಅವ್ವ, ದಾದರಿನ ಸಮುದ್ರಕ್ಕೆ ಹೋಗುವ. ಇದರಲ್ಲೇ ಹೋಗುವ."

ಹಾಲವ್ವ ಮುಂದಿನ ಸೀಟಿನಲ್ಲಿ ಕೂತಳು. ಗುರಲಿಂಗಪ್ಪನವರೂ ಸೀನನೂ ಹಿಂದೆ ಕೂತರು. ದಾರಿಯುದ್ದಕ್ಕೂ ಅವಳು ಮಾತಾಡಿದ್ದು ಒಂದೇ ಸಲ.

"ಸಾವಕಾಶ ನಡಸೋ ಅಪ್ಪ. ಅಂವಾ ಒಳಗಿದ್ದಾನ" ಎಂದಳು.

ಶೆಟ್ಟರು ನಿಧಾನ ಮಾಡಿದರು. ಹಿಂದಿನಿಂದ ಬಸ್ಸೊಂದು ಹಾರ್ನು ಬಾರಿಸುತ್ತಲೇ ಬಂತು.

ಸಮುದ್ರ ಇಳಿತದಲ್ಲಿತ್ತು. ಶೆಟ್ಟರು ಪ್ಯಾಂಟು ಮಡಚಿ ಹಾಲವ್ವನ ತೋಳು ಹಿಡಿದು ಒದ್ದೆ ಮರಳಿನಲ್ಲಿ ಬಹಳ ದೂರ ನಡೆದು ಹೋದರು. ಉಳಿದ ಇಬ್ಬರೂ ಕಾರಿನ ಹತ್ತಿರವೇ ನಿಂತರು.

"ಅದು ತಾಯತವಲ್ಲ, ಅಲ್ಲವಾ? ದೀಪ ಬಿಗಿಯಲು ಗ್ಯಾರೇಜಿನವ ಕಟ್ಟಿದ ಹಳೆ ತಂತಿ" ಎಂದ ಸೀನ.

ಗುರಲಿಂಗಪ್ಪನವರು ಜೇಬಿನಿಂದ ಬಣ್ಣದ ಹಕ್ಕಳೆ ತೆಗೆದು ಅವನ ಕೈಯಲ್ಲಿಟ್ಟರು. ಮೇಲೆ ಕೆನೆಬಣ್ಣ, ಒಳಮೈಯಲ್ಲಿ ನೀಲಿ. ಟ್ಯಾಕ್ಸಿಗಳ ಕಪ್ಪು ಎಲ್ಲೂ ಇರಲಿಲ್ಲ, ಹಳದಿಯೂ ಇರಲಿಲ್ಲ.

"ಗುರುವಾರನ ನೋಡಿದ್ದೆ. ಇದು ಎಂದೂ ಟ್ಯಾಕ್ಸಿ ಆಗಿದ್ದಿಲ್ಲ."

"ಹಾಗಾದ್ರೆ ಶಿವಪುತ್ರಪ್ಪನ ಗಾಡಿ ಎಲ್ಲಿದೆ?"

"ಎಲ್ಲೂ ಇಲ್ಲ. ಅವತ್ತ ದವಾಖಾನಿಯಿಂದ ಆ ಜಾಗಾಕ್ಕ ಹೋಗಿ ನಾ ನೋಡೀನಲ್ಲ, ಲಾರಿ ಕೆಳಗ ಸಿಕ್ಕು ನುಜ್ಜುಗುಜ್ಜಾಗಿತ್ತು. ಹುಡುಗನ್ನ ಹೊರಗ ತಗೀಬೇಕಂದ್ರ ಮೂರು ತಾಸು ಹಿಡದಿತ್ತಂತ. ಒಂದು ವಾರಕ್ಕ ಆ ಗಾಡಿ ಗುಜರಿಗೆ ಹೋತು. ತಾಯಿ ಮುಂದ ಅದನ್ನ ಹೆಂಗ ಹೇಳೂದು ಸೀನಾ? ಗಾಡಿಗೆ ಏನೂ ಆಗಿಲ್ಲ ಅಂದೆ. ಆಕಿ ಎದಿ ತಣ್ಣಗಿರಲಿ ಅಂತ ಅಂದೆ. ಗಾಡಿ ಹೋತು ಅಂದಿದ್ರ ತಾಯತಾನೂ ಹೋತಂತ ಅವತ್ತ ಅತ್ತು ಮುಗಸ್ತಿದ್ಲು. ನನ್ನ ಮಾತು ನಂಬಿ ಎರಡು ವರ್ಷ ಆಕಿ ಬೀದ್ಯಾಗ ಹೋಗು ಗಾಡಿಗೋಳನ್ನ ನೋಡ್ಕೋತ ಕೂತ್ಲು. ನಿನ್ನಿ ಸಂಜಿ ಆಕೀನೇ ಇದನ್ನೆಲ್ಲಾ ಹೇಳಿದ್ಲು, ಜ್ವರದಾಗಿದ್ದಾಕಿಗೆ ಸಾಯಬಣ್ಣನ ಸುದ್ದಿ ಹೇಳಾಕ ನನಗ ಬಾಯಿ ಬರಲಿಲ್ಲ. ಎಲ್ಲಾರ ತಪ್ಪೂ ಹುಡುಕಿ ತಗೀತೀನಿ ನಾನು. ಇದು ನಂದು."

ಆ ಹಕ್ಕಳೆಯನ್ನು ಅವರು ಸೀನನ ಕೈಯಿಂದ ತೆಗೆದುಕೊಂಡು ಚೂರು ಚೂರು ಮಾಡಿ ಮರಳಿಗೆ ಚೆಲ್ಲಿದರು.

ದೂರದಲ್ಲಿ ಹಾಲವ್ವ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಕೈ ಬಿಟ್ಟಳು. ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಆಮೇಲೆ ಶೆಟ್ಟರ ಕೈ ಬಿಡಿಸಿಕೊಂಡು ಒಬ್ಬಳೇ ನಡೆದು ಬಂದಳು. ಕಾರಿನ ಹತ್ತಿರ ಬಂದು ಉಬ್ಬಿದ ಮಡ್‌ಗಾರ್ಡನ್ನು ಒಮ್ಮೆ ಸವರಿದಳು.

"ಅಂವಾ ಇಳದ ಹೋದ್ರಿ, ಶೆಟ್ರ. ಇನ್ನ ಈ ಗಾಡಿ ನಿಮ್ದು" ಎಂದಳು. ಮತ್ತೆ ಗುರಲಿಂಗಪ್ಪನವರ ಕಡೆ ತಿರುಗಿ, "ನೀವು ಅವತ್ತ ಗಾಡಿ ಚಂದ ಅದ ಅಂತ ಹೇಳಿದ್ದಕ್ಕ ಇದು ಸಿಕ್ತು ನೋಡ್ರಿ ಅಣ್ಣಾ. ನಿಮ್ಮ ಉಪಕಾರ ಮರಿಯಾಂಗಿಲ್ಲ" ಎಂದು ಕೈಮುಗಿದಳು.

ಗುರಲಿಂಗಪ್ಪನವರು ಮುಖ ತಿರುಗಿಸಿ ಧೋತರದ ಚುಂಗಿನಿಂದ ಕಣ್ಣೊತ್ತಿಕೊಂಡರು, ಎರಡೂ ಕಣ್ಣು.

"ಕಣ್ಣು ಇನ್ನೂ ಉರೀತದೇನ್ರಿ?" ಎಂದು ಹಾಲವ್ವ ಕೇಳಿದಳು.

"ಹೂಂ. ನಿನ್ನ ಖಾರ ಭಾಳ ಜೋರು ಐತಿ ಅವ್ವ" ಎಂದರು ಅವರು.